ಅತ್ತೆಯ ಕಾಲು, ಕಾರಿನ ವಾಲ್ವ್

ನವೆಂಬರ್ 3, ಸಂಜೆ

ಇದನ್ನು ಬರೆಯದೆ ಬಿಡುವವಳಿದ್ದೆ. ನಿನ್ನೆ ಅತ್ತೆಯ ಕೈಯಿಂದ ಕಾರಿನ ಕೀ ಇಸಿದುಕೊಂಡಾಗ ನನಗೆ ಬೇಸರವಾಗಲಿಲ್ಲ. ನಿರಾಳವಾಯಿತು.

ಈಗ ಆಸ್ಪತ್ರೆಯ ಉಸಿರು ಪರೀಕ್ಷೆಯ ಲ್ಯಾಬಿನಿಂದ ಬಂದು, ಹಾಲು ಕಾಯಲಿಟ್ಟು, ಪರ್ಸಿನಲ್ಲಿ ಚಿಲ್ಲರೆ ಹುಡುಕಿದರೆ ಕೈಗೆ ಸಿಗುವುದು ಅದೇ ಕೀ. ತುದಿಗೆ ಸೀಟಿ ಕಟ್ಟಿದೆ. ಅತ್ತೆ ಈಜು ಕೋಚ್ ಆಗಿದ್ದಾಗಿನ ಸೀಟಿ.

ಆದದ್ದಿಷ್ಟು. ಅತ್ತೆ ತಮ್ಮೂರಿನ ಬೆಟ್ಟದ ಮೇಲಿನ ಈಜುಕೊಳಕ್ಕೆ ಹೋಗುತ್ತಿದ್ದರು. ರಿಟೈರ್ ಆದ ಮೇಲೂ ಅಲ್ಲಿ ಹೆಂಗಸರಿಗೆ ಕಲಿಸುತ್ತಾರೆ. ಏರು ಮುಗಿದಲ್ಲಿ ಒಂದು ತಿರುವು. ಕಾರು ನಿಲ್ಲಲಿಲ್ಲ, ಮೋಟುಗೋಡೆಗೆ ಗುದ್ದಿತು. ಬಂಪರ್ ಸೀಳಿದೆ, ಅಷ್ಟೇ. ಅಲ್ಲಿನ ಗ್ಯಾರೇಜಿನವರು ಬ್ರೇಕ್ ಸರಿಯಾಗಿದೆ ಎಂದರು.

"ಪೆಡಲ್ ಕಲ್ಲಾಗಿತ್ತು ಕಣೋ. ನಾನು ಒತ್ತಿದೆ, ಅದು ಒತ್ತಿಸ್ಕೊಳ್ಳಲಿಲ್ಲ," ಎಂದರು ಅತ್ತೆ.

"ಅಮ್ಮ, ಕಾಲಿಗೆ ವಯಸ್ಸಾಯ್ತು. ಒಪ್ಕೊಂಡ್ಬಿಡು," ಎಂದರು ಇವರು.

"ಇದೇ ಕಾಲಲ್ಲಿ ನೀರಲ್ಲಿ ನಿಂತು ನಿನಗೆ ಈಜು ಕಲಿಸಿದ್ದು. ಆವತ್ತೇ ಕೈಬಿಡಬೇಕಿತ್ತು."

ಇವರು ನಕ್ಕರು. ನಾನೂ ನಕ್ಕೆ. ಆಮೇಲೆ ಕೈ ಚಾಚಿದೆ, ಕೀಗೆ. ಅತ್ತೆ ನನ್ನ ಮುಖ ನೋಡಲಿಲ್ಲ. ಕಾರನ್ನು ಇವರು ಇಲ್ಲಿಗೆ ಓಡಿಸಿಕೊಂಡು ಬಂದರು, ಮಾರುವುದಕ್ಕೆ. ದಾರಿಯುದ್ದಕ್ಕೂ ಬ್ರೇಕ್ ಬೆಣ್ಣೆ. ದಾರಿಯುದ್ದಕ್ಕೂ ಸಪಾಟು ರಸ್ತೆ.

ಬೆಟ್ಟಕ್ಕೆ ಬಸ್ಸಿಲ್ಲ. ಕಾರು ಹೋದರೆ ಕೊಳವೂ ಹೋದಂತೆ.

ನವೆಂಬರ್ 5

ಲ್ಯಾಬಿಗೆ ಒಬ್ಬರು ಬಂದಿದ್ದರು. ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕುವುದಿಲ್ಲವಂತೆ. ಕೂರಿಸಿ, ಮೆಷಿನ್ನಿಗೆ ಊದಿಸಿದೆ. ನಾರ್ಮಲ್. ಜೊತೆಗೆ ಬಂದಿದ್ದ ಹೆಂಡತಿ, "ನೋಡಿದ್ರಾ, ಬರೀ ನಾಟಕ" ಎಂದರು. ಸೈಕಲ್ ತುಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸಿದೆ. ಗ್ರಾಫ್ ಧಪ್ಪನೆ ಬಿತ್ತು. ಹೆಂಡತಿ ಗಂಡನ ಕೈಗೆ ನೀರಿನ ಬಾಟಲಿ ಕೊಟ್ಟರು.

ವರ್ಷಗಟ್ಟಲೆ ಇದನ್ನೇ ಮಾಡುತ್ತಿದ್ದೇನೆ. ಕೂತವರನ್ನು ನೋಡಿ ಓಡುವವರ ಉಸಿರು ಹೇಳಲಾಗದು ಎಂದು ಟ್ರೈನಿಗಳಿಗೆ ಪಾಠ ಬೇರೆ. ಹಾಗಿದ್ದರೆ ಅತ್ತೆಯನ್ನು ಏಕೆ ಕೇಳಲಿಲ್ಲ?

ಊಟದ ಬಿಡುವಿನಲ್ಲಿ ಫೋನ್ ಮಾಡಿದೆ.

"ಪೆಡಲ್ ಯಾವಾಗ್ಲೂ ಗಟ್ಟಿನಾ ಅತ್ತೆ?"

"ಇಲ್ಲಮ್ಮ. ಜೋರಾಗಿ ಏರು ಹತ್ತಿಸಿ, ಆಕ್ಸಿಲರೇಟರಿಂದ ಕಾಲು ತೆಗೆದು ತಕ್ಷಣ ಬ್ರೇಕ್ ಒತ್ತಿದ್ರೆ. ಅದೂ ಒಂದೊಂದ್ಸಲ. ಮನೆ ಮುಂದೆ ಏನೂ ಇಲ್ಲ."

"ಇದನ್ನ ಹೇಳ್ಲೇ ಇಲ್ವಲ್ಲ?"

"ಯಾರು ಕೇಳಿದ್ರು? ನೀನೇ ಮೊದಲು."

ಫೋನ್ ಇಟ್ಟೆ. ಹತ್ತುವಾಗ ಎಂಜಿನ್ನಿನಲ್ಲಿ ಏನು ಬದಲಾಗುತ್ತದೆ? ನನಗೆ ಗೊತ್ತಿಲ್ಲ. ಗೊತ್ತಾಗಬೇಕು...

ನವೆಂಬರ್ 8, ಮಧ್ಯಾಹ್ನ

ನಮ್ಮ ಬೀದಿ ಕೊನೆಯ ಗ್ಯಾರೇಜ್. ಮೆಕ್ಯಾನಿಕ್ ಮಾತುಗಾರ. ಬಾನೆಟ್ ಎತ್ತಿ ಶುರು ಮಾಡಿದ. "ಟರ್ಬೊ ಗಾಡಿ ಮೇಡಂ ಇದು. ಇದಕ್ಕೆ ಎರಡು ಸ್ವಭಾವ. ನಮ್ಮ ಬಾವನ ಥರ. ಸುಮ್ನಿದ್ದಾಗ ಎಳ್ಕೊಳ್ತಾನೆ, ರೇಗಿದಾಗ ತಳ್ತಾನೆ."

ಅವನು ಬಿಡಿಸಿದ್ದನ್ನು ನನ್ನ ಮಾತಲ್ಲಿ ಬರೆದಿಡುತ್ತೇನೆ. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನಿಗೆ ಗಾಳಿ ಬರುವ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗಿನ ಪಿಸ್ಟನ್‌ಗಳು ಎಳೆಯುತ್ತಲೇ ಇರುತ್ತವೆ. ಆದ್ದರಿಂದ ಬಾಗಿಲಿನ ಎಂಜಿನ್ ಕಡೆಗೆ ವ್ಯಾಕ್ಯೂಮ್. ಜೋರಾಗಿ ತುಳಿದರೆ ಬಾಗಿಲು ತೆರೆದು, ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ. ಅದೇ ಜಾಗದಲ್ಲಿ ಈಗ ಪ್ರೆಶರ್. ಒಂದೇ ಪೈಪು, ಕ್ಷಣಕ್ಕೊಂದು ಗುಣ. ಅಲ್ಲೊಂದು ಮೀಟರ್ ಹಾಕಿದರೆ ಮುಳ್ಳು ವ್ಯಾಕ್ಯೂಮಿಗೆ ಸೊನ್ನೆಯ ಎಡಕ್ಕೂ ಪ್ರೆಶರಿಗೆ ಬಲಕ್ಕೂ ಓಡುತ್ತದೆ.

ಬ್ರೇಕ್ ಹಗುರವಾಗುವುದು ಆ ವ್ಯಾಕ್ಯೂಮಿನಿಂದ. ಪೆಡಲಿನ ಹಿಂದೆ ಒಂದು ದುಂಡು ಡಬ್ಬಿ, ಅದರಲ್ಲಿ ಕೂಡಿಟ್ಟಿರುತ್ತದೆ. ಶಾಲೆಯಲ್ಲಿ ವ್ಯಾಕ್ಯೂಮ್ ಎಂದರೆ ಏನೂ ಇಲ್ಲದಿರುವುದು ಎಂದು ಇಂಗ್ಲಿಷಿನಲ್ಲಿ ಉರು ಹೊಡೆಸಿದ್ದರು. ಏನೂ ಇಲ್ಲದ್ದನ್ನು ಡಬ್ಬಿಯಲ್ಲಿ ಕೂಡಿಡುವುದು, ಅದು ನಮ್ಮ ಕಾಲಿಗೆ ಬಲ ಕೊಡುವುದು — ನಲವತ್ತು ದಾಟಿದ ಮೇಲೆ ಗೊತ್ತಾಯಿತು.

"ಸರಿ, ಟರ್ಬೊ ತಳ್ಳುವಾಗ ಆ ಗಾಳಿ ಡಬ್ಬಿಗೆ ನುಗ್ಗಲ್ವಾ?"

"ಅದಕ್ಕೇ ಮಧ್ಯೆ ಒಂದು ವಾಲ್ವ್ ಇದೆ. ಡಬ್ಬಿಯಿಂದ ಹೊರಗೆ ಬಿಡುತ್ತೆ, ವಾಪಸ್ ಬಿಡಲ್ಲ."

ಒನ್‌ವೇ ವಾಲ್ವ್! ಲ್ಯಾಬಿನಲ್ಲಿ ನಾನು ಊದಿಸುವ ಮೌತ್‌ಪೀಸ್‌ಗಳಲ್ಲಿ ಇರುವಂಥದ್ದೇ. ಒಬ್ಬರ ಉಸಿರು ಇನ್ನೊಬ್ಬರಿಗೆ ಹೋಗದ ಹಾಗೆ.

ಪರೀಕ್ಷೆ ಮಾಡಿದ. ಎಂಜಿನ್ ಆಫ್ ಮಾಡಿ ಪೆಡಲ್ ಒತ್ತಿದ. ಕೂಡಿಟ್ಟದ್ದು ಡಬ್ಬಿಯಲ್ಲೇ ಉಳಿದಿತ್ತು, ಮೆತ್ತಗಿತ್ತು. "ವಾಲ್ವ್ ಚೆನ್ನಾಗಿದೆ. ಅತ್ತೆಯೋರ ಕಾಲೇ ಇರ್ಬೇಕು ಮೇಡಂ."

"ನಿಂತ ಗಾಡಿಯಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಹತ್ತಿಸಿ ನೋಡೋಣ."

ತಲೆ ಕೆರೆದುಕೊಂಡ. ಡಬ್ಬಿಯ ಪೈಪಿಗೆ ಮೀಟರ್ ಹಾಕಬೇಕು, ಉದ್ದನೆ ಟ್ಯೂಬ್ ಬೇಕು, ಮುಂದಿನ ಶನಿವಾರ ಎಂದ.

ನವೆಂಬರ್ 12

ಕಾರು ನೋಡಲು ಭಾನುವಾರ ಯಾರೋ ಬರುತ್ತಾರಂತೆ. ಇವರಿಗೆ ಮೀಟರಿನ ವಿಷಯ ಹೇಳಿದೆ.

"ನಿನಗೆ ಯಾಕೆ ಬೇಕು ಈ ಉಸಾಬರಿ? ಕಾಲೇ ಅಂತ ಗೊತ್ತಾದ್ರೆ ಅಮ್ಮನಿಗೆ ಇನ್ನೂ ನೋವು."

ಅದೂ ನಿಜ. ನಾನು ಮಾಡುತ್ತಿರುವುದು ಅತ್ತೆಗಾಗಿಯೋ, ನನ್ನ ಕುತೂಹಲಕ್ಕೋ? ಎರಡೂ ಒಂದೇ ಪೈಪಿನಲ್ಲಿ ಇರಬಹುದು.

ನವೆಂಬರ್ 15, ಬೆಳಗ್ಗೆ 11

ಈಗಷ್ಟೇ ಬಂದೆ. ಬರೆದುಬಿಡಬೇಕು.

ನೀರಿನ ಟ್ಯಾಂಕಿನ ಏರು, ಖಾಲಿ ರಸ್ತೆ. ಮೆಕ್ಯಾನಿಕ್ ಸ್ಟಿಯರಿಂಗಿನಲ್ಲಿ, ಮೀಟರ್ ನನ್ನ ಮಡಿಲಲ್ಲಿ. ಹತ್ತುತ್ತಾ ಇರುವಾಗಲೇ ಬ್ರೇಕ್ ಒತ್ತುವುದು ಎಂದು ಮೊದಲೇ ಮಾತಾಗಿತ್ತು. ಏರು ತಾನೇ ನಿಲ್ಲಿಸುತ್ತದೆ, ಅಪಾಯವಿಲ್ಲ. ಮೊದಲ ಸಲ ಮುಳ್ಳು ಎಡಕ್ಕೇ ಗಟ್ಟಿಯಾಗಿ ಕೂತಿತ್ತು. ಎರಡನೇ ಸಲವೂ. ಅವನು ನನ್ನತ್ತ ನೋಡಿದ. ನಾನು, "ಇನ್ನೂ ಬಿಸಿ ಆಗ್ಲಿ" ಎಂದೆ.

ಇಳಿದು, ಮತ್ತೆ ಹತ್ತಿಸಿ, ಮತ್ತೆ ಇಳಿದು... ಆಮೇಲೊಮ್ಮೆ ಟರ್ಬೊ ಊಳಿಟ್ಟಿತು. ಮುಳ್ಳು ಎಡದಿಂದ ಜಾರಿತು. ಸೊನ್ನೆ. ಸೊನ್ನೆ ದಾಟಿ ಬಲಕ್ಕೆ. ಎಲ್ಲಿ ಬರಬಾರದೋ ಅಲ್ಲಿ ಪ್ರೆಶರ್!

"ಒತ್ತಿ!"

"ಒತ್ತುತಿದೀನಿ ಮೇಡಂ! ಕಲ್ಲು! ಕಲ್ಲು!"

ಅತ್ತೆಯದೇ ಮಾತು. ಕಾರು ಏರಿನಲ್ಲಿ ತಾನಾಗಿ ನಿಧಾನವಾಯಿತು, ಮುಳ್ಳು ಎಡಕ್ಕೆ ಮರಳಿತು, ಪೆಡಲ್ ಮೆತ್ತಗಾಯಿತು. ಏನೂ ಆಗೇ ಇಲ್ಲವೆಂಬಂತೆ.

ಅಲ್ಲೇ ವಾಲ್ವ್ ಬಿಚ್ಚಿ, ಕರವಸ್ತ್ರದಲ್ಲಿ ಹಿಡಿದು ಊದಿದೆ. ಹೋಗಬಾರದ ದಿಕ್ಕಿನಿಂದಲೂ ಉಸಿರು ಹೋಯಿತು. ಒಳಗಿನ ರಬ್ಬರಿನ ರೆಪ್ಪೆ ಎಣ್ಣೆಹೊಗೆಗೆ ಉಬ್ಬಿದೆ, ಬಿಸಿಯಾದಾಗ ತೆರೆದಲ್ಲೇ ಅಂಟಿಕೊಳ್ಳುತ್ತದೆ ಎಂದ ಮೆಕ್ಯಾನಿಕ್. ಹೊಸದು ಹಾಕಿ ಮತ್ತೆ ಹತ್ತಿಸಿದೆವು, ಎಷ್ಟೋ ಸಲ. ಮುಳ್ಳು ಎಡ ಬಿಟ್ಟು ಕದಲಲಿಲ್ಲ.

ನವೆಂಬರ್ 16

ಗಾಳಿ ಹೋಗಬಾರದ ಕಡೆ ತೋರಿಸಿ, ಇವರ ಕೈಗೆ ಹಳೇ ವಾಲ್ವ್ ಕೊಟ್ಟೆ. "ಊದಿ."

ಊದಿದರು. ಗಾಳಿ ಹೋಗಲಿಲ್ಲ. "ಚೆನ್ನಾಗೇ ಇದೆಯಲ್ಲೇ!"

ಕುದಿಯುವ ನೀರಿನ ಲೋಟಕ್ಕೆ ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದು, ಒರೆಸಿ, "ಈಗ."

ಉಸ್ಸ್... ಎಂದು ಹೋಯಿತು. ಮತ್ತೊಮ್ಮೆ ಊದಿದರು. ಮೂರನೆಯ ಸಲವೂ. ಗುಂಡಿಗೆ ಬಿದ್ದ ಚೆಂಡನ್ನು ಹುಡುಕುವ ಮಗುವಿನ ಮುಖ. ಆಮೇಲೆ ಕಾರು ನೋಡಲು ಬರುವವರಿಗೆ ಫೋನ್ ಮಾಡಿ, ಮಾರುವುದಿಲ್ಲ ಎಂದರು. ಅಮ್ಮನಿಗೆ ಫೋನ್ ಮಾಡಲು ಮಾತ್ರ ನನ್ನ ಕಡೆ ನೋಡಿದರು.

ನಾನೇ ಮಾಡಿದೆ. ಎಲ್ಲ ಹೇಳಿದೆ.

"ಆ ಕಳ್ಳ ವಾಲ್ವನ್ನ ನನಗೆ ಕಳಿಸು."

"ಶನಿವಾರ ಕಾರು ತರ್ತೀವಲ್ಲ, ಆಗಲೇ..."

"ನೀವ್ಯಾರೂ ತರ್ಬೇಡಿ. ನಾನೇ ಬಂದು ಓಡಿಸ್ಕೊಂಡು ಹೋಗ್ತೀನಿ. ಆದ್ರೆ ಕೀ ಮೊದಲು ಕಳಿಸು. ಕೀ ಇಲ್ದೆ ನಿಮ್ಮ ಬಾಗಿಲಿಗೆ ಬಂದ್ರೆ ಬೇಡೋಕೆ ಬಂದ ಹಾಗಿರುತ್ತೆ."

ನವೆಂಬರ್ 18, ಸಂಜೆ

ಪುಟ್ಟ ಡಬ್ಬಿ. ಹತ್ತಿಯಲ್ಲಿ ಸುತ್ತಿದ ವಾಲ್ವ್. ಸೀಟಿ ಸಮೇತ ಕೀ. ಜೊತೆಗೆ ಒಂದು ಚೀಟಿ ಇಡಬೇಕು. "ಬಿಸಿನೀರಲ್ಲಿ ಅದ್ದಿ ಊದಿ ನೋಡಿ" ಎಂದು ಬರೆದೆ. ಸಾಲದು ಅನಿಸಿತು. ಅತ್ತೆ ಎಲ್ಲ ಸಿಟ್ಟನ್ನೂ ಮಗನ ಮೇಲೆ ಹಾಕಿದ್ದಾರೆ. ಕೀಗೆ ಕೈ ಚಾಚಿದ್ದು ನಾನು. ಅದು ಅವರಿಗೂ ಗೊತ್ತು. ಹೇಳದೇ ಇದ್ದರೂ ನಡೆಯುತ್ತದೆ, ಸಂಸಾರದಲ್ಲಿ ಇಂಥವು ಎಷ್ಟೋ ನಡೆದುಹೋಗುತ್ತವೆ.

ಕೆಳಗೆ ಬರೆದೆ: ಅವತ್ತು ನಾನೂ ನಿಮ್ಮನ್ನು ನಂಬಲಿಲ್ಲ ಅತ್ತೆ. ಕೀ ನನ್ನ ಪರ್ಸಿಗೆ ಬಂದಾಗ ನಿರಾಳವಾಯಿತು.

ಚೀಟಿ ಹರಿದು ಹಾಕುವ ಮನಸ್ಸಾಗುವ ಮೊದಲೇ ಡಬ್ಬಿಗೆ ಟೇಪ್ ಸುತ್ತಿದ್ದೇನೆ. ನಾಳೆ ಲ್ಯಾಬಿಗೆ ಹೋಗುವ ದಾರಿಯಲ್ಲಿ ಪೋಸ್ಟ್ ಮಾಡುತ್ತೇನೆ.