ಮೀನಿನ ಪ್ರವೇಶ

ಕೃಷ್ಣಮೂರ್ತಿಪುರಂ, ಮೈಸೂರು
೧೪-೩-೧೯೫೭, ಗುರುವಾರ

ಇಲವಾಲದ ಅಣ್ಣನ ಮನೆಯಲ್ಲಿ ಮುನಿಸಿಕೊಂಡು ಕುಳಿತಿರುವ ನನ್ನ ಪುಟ್ಟತಾಯಿಗೆ, ಚೆಲುವರಾಜು ಮಾಡುವ ವಂದನೆ. ಗಂಡ ಹೆಂಡತಿಗೆ ವಂದಿಸುವುದು ಯಾವ ಊರಿನ ಪದ್ಧತಿ ಎಂದು ನಿನ್ನಣ್ಣ ಮಹದೇವು ನಕ್ಕರೆ ನಗಲಿ. ಹನ್ನೆರಡು ವರ್ಷ ನಾಟಕದ ಕಂಪನಿಯಲ್ಲಿ ಪರದೆ ಬರೆದು, ಗದೆ ಹೊತ್ತು ಭೀಮನಾಗಿ ಗರ್ಜಿಸಿದವನು ನಾನು. ಸಣ್ಣ ದನಿಯ ಪತ್ರ ಬರೆಯಲು ನನಗೆ ಬಾರದು.

ನೀನು ಹೋಗಿ ನಲವತ್ತು ದಿನ. ನೀರಾವರಿ ಪ್ರಯೋಗಾಲಯದ ಅಂಗಳದಲ್ಲಿ ಮಾದರಿ ಮಾಡುವ ಕೆಲಸಕ್ಕೆ ಸೇರಿ ನಾನು ಕಟ್ಟಿರುವ ಪುಟ್ಟ ಅಣೆಕಟ್ಟಿನ ಲೆಕ್ಕ ಹಿಡಿದರೆ ನೂರ ಇಪ್ಪತ್ತು. ಒಂಬತ್ತು ಅಡಿಯನ್ನು ಒಂದಡಿಗೆ ಇಳಿಸಿದ ಮಾದರಿಯಲ್ಲಿ ಒಂದು ಗಂಟೆ ನೀರು ಹರಿದರೆ ನಿಜವಾದ ಹೊಳೆಯ ಮೂರು ಗಂಟೆಗೆ ಸಮ ಎಂದು ಇಂಜಿನಿಯರ್ ಸದಾಶಿವಯ್ಯನವರು ಹೇಳಿಕೊಟ್ಟಿದ್ದಾರೆ. ಒಬ್ಬನೇ ಕುಳಿತು ತಳ ಹಿಡಿದ ಅನ್ನ ತಿನ್ನುವಾಗ ನನಗೆ ಆ ಲೆಕ್ಕವೇ ಸರಿ ಎನ್ನಿಸುತ್ತದೆ.

ನಡೆದದ್ದನ್ನು ಮೊದಲಿಂದ ಹೇಳುತ್ತೇನೆ, ಈವರೆಗೆ ನೆಟ್ಟಗೆ ಹೇಳಿಯೇ ಇಲ್ಲ. ಮೊಟ್ಟೆಯಿಡಲು ಹೊಳೆಯ ಮೇಲಕ್ಕೆ ಹೋಗುವ ಮೀನಿಗೆ ಅಣೆಕಟ್ಟು ಅಡ್ಡವಾದೀತು, ಅದಕ್ಕೊಂದು ಮೆಟ್ಟಿಲ ಕಾಲುವೆ ಮಾಡು, ಬಾಗಿಲು ಎಲ್ಲಿಟ್ಟರೆ ಹತ್ತುತ್ತವೆ ನೋಡೋಣ ಎಂದಿದ್ದರು ಸದಾಶಿವಯ್ಯನವರು. ನಾನು ಇಟ್ಟದ್ದು ನಟ್ಟನಡುವೆ, ನೀರು ಭೋರ್ಗರೆಯುವ ಕಡೆ. ರಾಜನ ಪ್ರವೇಶ ರಂಗದ ನಡುವಿನಿಂದಲ್ಲವೇ? ಗೆಂಡೆ ಮೀನಿನ ಮರಿಗಳನ್ನು ಬಿಟ್ಟೆವು. ಒಂದೂ ಅತ್ತ ಸುಳಿಯಲಿಲ್ಲ. ಬಾಗಿಲು ಅಗಲ ಮಾಡಿದೆ, ಮೇಲೊಂದು ಕಮಾನನ್ನೂ ಕೂರಿಸಿದೆ. ಮಧ್ಯಾಹ್ನ ಊಟದ ಕ್ಯಾರಿಯರ್ ತಂದ ನೀನು ಸೆರಗು ಬಾಯಿಗಿಟ್ಟು ನಕ್ಕೆ. "ಮೀನೇನು ನಿಮ್ ನಾಟಕದ ದೊರೇನಾ, ಎಲ್ರಿಗೂ ಕಾಣಂಗೆ ನಡುಮಧ್ಯ ಬರಕ್ಕೆ? ದಡದ ಅಂಚು ಹಿಡ್ಕೊಂಡು ಬತ್ತವೆ ಕಣ್ರೀ. ನಮ್ಮಪ್ಪ ಬಲೆ ಹಾಕ್ತಿದ್ದುದೇ ಅಲ್ಲಿ" ಎಂದೆ. ನಾನು ಬಾಗಿಲನ್ನು ದಡದ ಬದಿಗೆ ಸರಿಸಿದೆ. ಸಂಜೆಯೊಳಗೆ ಹನ್ನೊಂದು ಮರಿ ಮೊದಲ ಮೆಟ್ಟಿಲ ಮೇಲಿದ್ದವು.

ಆಮೇಲೆ ಬೆಂಗಳೂರಿನ ಅಧಿಕಾರಿಗಳು ಬಂದು, ಇದು ಯಾರಿಗೆ ಹೊಳೆದದ್ದು ಎಂದು ಕೇಳಿದರು. ನೀನು ಕ್ಯಾರಿಯರ್ ಹಿಡಿದು ನಲ್ಲಿಯ ಹತ್ತಿರ ನಿಂತಿದ್ದೆ. ಎದುರಿಗೆ ಪ್ರೇಕ್ಷಕರನ್ನು ಕಂಡರೆ ಈ ಗಂಟಲು ಸುಮ್ಮನಿರುವುದುಂಟೆ? ನನಗೇ ಸ್ವಾಮಿ, ಮೂರು ದಿನ ನಿದ್ದೆಗೆಟ್ಟು ಯೋಚಿಸಿದೆ ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ತಿರುಗಿ ನೋಡಿದರೆ ಕ್ಯಾರಿಯರ್ ಕಟ್ಟೆಯ ಮೇಲಿತ್ತು, ನೀನಿರಲಿಲ್ಲ. ನಾನು ಮನೆಗೆ ಬಂದಾಗ ನೀನು ಟ್ರಂಕು ತುಂಬುತ್ತಿದ್ದೆ. "ಬೈದಿದ್ರೂ ಇರ್ತಿದ್ದೆ. ಕಣ್ಮುಂದೆ ನಿಂತಿದ್ರೂ ನನ್ನ ಇಲ್ದೋಳು ಮಾಡ್ಬುಟ್ರಿ" ಎಂದವಳೇ ಇಲವಾಲದ ಬಸ್ಸು ಹತ್ತಿದೆ.

ಮೊನ್ನೆ ಸೋಮವಾರ ಸದಾಶಿವಯ್ಯನವರ ಮುಂದೆ ನಿಜ ಹೇಳಿದೆ. ನಲ್ಲಿ ತಿರುಗಿಸುವ ನಂಜಯ್ಯನೂ ಇದ್ದ. ಅವರು ಕನ್ನಡಕ ಒರೆಸಿಕೊಂಡು, "ನಂಗೆ ಹೇಳಿದ್ದು ಸರಿ, ಆಯಮ್ಮಂಗೆ ಹೇಳಿದ್ರೇನ್ರೀ?" ಎಂದರು. ವರದಿಯಲ್ಲಿ ನನ್ನ ಹೆಸರು ಹೊಡೆದು, ಜವರಪ್ಪನವರ ಮಗಳು ಪುಟ್ಟತಾಯಮ್ಮ ಎಂದು ನನ್ನ ಕೈಯಲ್ಲೇ ಬರೆಸಿದರು. ಪರದೆಯ ಮೇಲೆ ಬರೆಯುವಂತೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ಈಗ ಹೊಸ ತೊಡಕು. ಮೀನುಗಳು ನಾಲ್ಕು ಮೆಟ್ಟಿಲು ಹತ್ತಿ, ಐದನೆಯದರಲ್ಲಿ ತಿರುಗಿಬಿಡುತ್ತಿವೆ. ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಬಂದು ಒಂದು ಗಳಿಗೆ ನೋಡಿ ಹೇಳಿದರೆ ಪ್ರಯೋಗಾಲಯಕ್ಕೆ ದೊಡ್ಡ ಉಪಕಾರ. ನೋಡಿ ಹಾಗೆಯೇ ಇಲವಾಲಕ್ಕೆ ಹೊರಟರೂ ನಾನು ಅಡ್ಡ ನಿಲ್ಲುವುದಿಲ್ಲ.

ಇಂತಿ, ನಿನ್ನವನೆಂದು ಇನ್ನೂ ನಂಬಿರುವ
ಚೆಲುವರಾಜು

ಹಿಂಬರಹ: ಅಂಟಿಸಿದ ಪತ್ರವನ್ನು ಮತ್ತೆ ಬಿಚ್ಚಿದ್ದೇನೆ. ಇನ್ನೊಂದು ಸುಳ್ಳು ನಿನ್ನ ಕೈ ಸೇರಬಾರದು. ಐದನೆಯ ಮೆಟ್ಟಿಲ ತೊಡಕು ಮಂಗಳವಾರವೇ ಹೋಯಿತು. ಎರಡು ಕಲ್ಲಿಟ್ಟು ಸೆಳೆತ ತಗ್ಗಿಸಿದವನು ನಂಜಯ್ಯ, ನಾನಲ್ಲ. ಭಾನುವಾರ ಪ್ರಯೋಗಾಲಯಕ್ಕೆ ರಜೆ. ಅಲ್ಲಿ ನಿನ್ನ ಸಲಹೆಗೆ ಕಾದವರು ಯಾರೂ ಇಲ್ಲ. ಬಸ್ಸು ನಿಲ್ಲುವ ಕಡೆ ನಾನೊಬ್ಬ ಇರುತ್ತೇನೆ.