ಕಂಬದ ಹಿಂದೆ ಐದು ನಿಮಿಷ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಡ್ರೆಸ್ಸಿಂಗ್ ಬದಲಾಯಿಸಿದೆ. ಗಾಯ ಒಣಗಿದೆ. ಬಲ ಮೊಣಕಾಲಿನ ಕೆಳಗೆ ಏನೂ ಇಲ್ಲ ಅಂತ ಕಣ್ಣಿಗೆ ಗೊತ್ತು, ತಲೆಗೆ ಇನ್ನೂ ಗೊತ್ತಾಗಿಲ್ಲ. ಇಲ್ಲದ ಹೆಬ್ಬೆರಳು ನಿನ್ನೆಯಿಂದ ತುರಿಸುತ್ತಿದೆ. ಸಕ್ಕರೆ ಕಾಯಿಲೆ ಕಾಲು ತಿಂದಿದ್ದು ಸಾಲದೆ ತುರಿಕೆ ಬೇರೆ ಬಿಟ್ಟುಹೋಗಿದೆ.

ಅಕ್ಕನ ಫೋನ್. ಬುಧವಾರ ಬೆಳಿಗ್ಗೆ ಎಂಟಕ್ಕೆ ಆಪರೇಷನ್. ಗಂಟಲಲ್ಲಿ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಆಮೇಲೆ ಮಾತಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಬೈದು ಬೈದೇ ಬೆಳೆಸಿದವಳು... ಅವಳಿಗೆ ಮಾತಿಲ್ಲ!

"ಬಾಯಿ ಇರೋವಾಗ ಬಾರೋ. ನಿನಗೊಂದು ಮಾತು ಹೇಳೋದಿದೆ."

"ಈಗಲೇ ಹೇಳಕ್ಕ."

"ಫೋನಲ್ಲಿ ಹೇಳೋದಾಗಿದ್ರೆ ಯಾವಾಗಲೋ ಹೇಳ್ತಿದ್ದೆ. ಮುಖ ನೋಡ್ಕೊಂಡು ಹೇಳ್ಬೇಕು."

ನಾಳೆ ಮಧ್ಯಾಹ್ನ 1.40ರ ವಿಮಾನ. ಸಂಜೆ ಐದಕ್ಕೆಲ್ಲ ಅಕ್ಕನ ಮುಂದೆ ಇರುತ್ತೇನೆ. ಹೆಂಡತಿ ರಜೆ ಹಾಕಿ ಜೊತೆಗೆ ಬರುತ್ತೇನೆಂದಳು. ಬೇಡವೆಂದೆ. ಹತ್ತೊಂಬತ್ತು ವರ್ಷ ಅದೇ ಏರ್‌ಪೋರ್ಟಿನಲ್ಲಿ ವೀಲ್‌ಚೇರ್ ತಳ್ಳಿದವನು ನಾನು. ಯಾವ ಲಿಫ್ಟ್ ಯಾವ ವಾರ ಕೆಡುತ್ತದೆ ಅನ್ನುವುದೂ ಗೊತ್ತು. ನನಗೆ ಕಾವಲು ಬೇಕೇ?

"ತಳ್ಳೋದು ಬೇರೆ, ಕೂರೋದು ಬೇರೆ ಕಣ್ರೀ" ಎಂದಳು. ಇವಳಿಗೆ ಎಲ್ಲದಕ್ಕೂ ಭಯ.

ಮಾರ್ಚ್ 4, ಮಂಗಳವಾರ. 12.10

ಚೆಕ್-ಇನ್ ಆಯಿತು. ಊರುಗೋಲು ಎರಡನ್ನೂ ಕಟ್ಟಿ ಲಗೇಜಿಗೆ ಹಾಕಿದರು. ಉದ್ದ ಜಾಸ್ತಿಯಂತೆ. ಜಗಳ ಆಡಲಿಲ್ಲ.

ಕುರ್ಚಿ ತಂದವನು ಗುಂಡ! ನನ್ನ ಕೈಕೆಳಗೆ ಕೆಲಸ ಕಲಿತವನು, ಈಗ ಅವನಿಗೂ ತಲೆ ನರೆತಿದೆ. "ಗುರುಗಳೇ, ನೀವಾ?" ಅಂದ. ಕಾಲಿದ್ದ ಜಾಗ ನೋಡಿ ಕಣ್ಣು ತುಂಬಿಕೊಂಡ. "ಅಳಬೇಡವೋ, ತಳ್ಳೋ ಭಾರ ಕಮ್ಮಿ ಆಗಿದೆ, ನಿನಗೇ ಲಾಭ" ಎಂದೆ.

ಸೆಕ್ಯೂರಿಟಿಯಲ್ಲಿ ಮೊದಲ ಏಟು. ಆಫೀಸರು ನನ್ನ ತಲೆಯ ಮೇಲಿಂದ ಗುಂಡನನ್ನು ಕೇಳಿದ — "ಇವರು ಎದ್ದು ನಿಲ್ತಾರಾ?" ನಾನು ಅವನ ಮೂಗಿನ ಕೆಳಗೇ ಇದ್ದೇನೆ. "ನಿಲ್ಲಲ್ಲ ಸಾರ್" — ಗುಂಡ ನನ್ನ ಪರವಾಗಿ. ಕೆನ್ನೆ ಬಿಸಿಯಾಯಿತು. ಇದೇ ಉತ್ತರ ನಾನು ಸಾವಿರ ಜನರ ಪರವಾಗಿ ಕೊಟ್ಟಿದ್ದೇನೆ. "ನಿಲ್ಲಲ್ಲ ಸಾರ್." "ಕಿವಿ ಮಂದ ಸಾರ್." ಒಬ್ಬರೂ ಏನೂ ಅನ್ನಲಿಲ್ಲ, ಅದಕ್ಕೆ ಖುಷಿಯಾಗಿದ್ದಾರೆ ಅಂದುಕೊಂಡಿದ್ದೆ. ಈಗ ನಾನೂ ಏನೂ ಅನ್ನಲಿಲ್ಲ.

12.40

31ನೇ ಗೇಟಿನ ಹತ್ತಿರ. ಕಂಬದ ಹಿಂದೆ, ಜ್ಯೂಸ್ ಮೆಷಿನ್ ಪಕ್ಕ ನಿಲ್ಲಿಸಿ ಬ್ರೇಕ್ ಹಾಕಿದ. "ಐದು ನಿಮಿಷ ಗುರುಗಳೇ." ಕೈಯಲ್ಲಿದ್ದ ಮೆಷಿನ್ ಒತ್ತಿದ. ಟಿಂಗ್.

ನಗು ಬಂತು. 'ತಲುಪಿಸಿದೆ' ಅನ್ನುವ ಬಟನ್. ಗೇಟಿನವರ ಕೈಗೆ ಒಪ್ಪಿಸಿದ ಮೇಲೆ ಒತ್ತಬೇಕಾದ್ದು. ಆದರೆ ಗಂಟೆಗೆ ನಾಲ್ಕು ಜನರನ್ನು ಮುಗಿಸಲೇಬೇಕು, ಹೇಗೆ ಮುಗಿಯುತ್ತೆ? ಏಳು ವರ್ಷದ ಹಿಂದೆ ಈ ಮೆಷಿನ್ ಬಂದಾಗ ಉಪಾಯ ಹುಡುಕಿದವನು ನಾನೇ. ನಿಲ್ಲಿಸಿದ ಕೂಡಲೇ ಒತ್ತು. ಇನ್ನೊಬ್ಬರನ್ನು ತಾ. ಆಮೇಲೆ ಬಂದು ಎಲ್ಲರನ್ನೂ ಗೇಟಿಗೆ ಸೇರಿಸು. ಆ ವಾರವಿಡೀ ಜೊತೆಯವರೆಲ್ಲ ನನಗೆ ಟೀ ಕುಡಿಸಿದ್ದರು.

ಚಿಕ್ಕ ಗಾಲಿಯ ಕುರ್ಚಿಯನ್ನೇ ತಂದಿದ್ದಾನೆ, ಬ್ರೇಕ್ ಹಿಂದುಗಡೆ ಇರುವುದು. ಅದೂ ನನ್ನ ಪಾಠವೇ. ದೊಡ್ಡ ಗಾಲಿಯಾದರೆ ಕೂತವರು ತಾವೇ ತಳ್ಳಿಕೊಂಡು ಎಲ್ಲೆಲ್ಲೋ ಹೋಗುತ್ತಾರೆ, ಹುಡುಕಿ ಸಾಯಬೇಕು. ಇದಾದರೆ ಇಟ್ಟ ಕಡೆ ಇರುತ್ತಾರೆ. ಒಳ್ಳೆ ಶಿಷ್ಯ.

1.05

ಗುಂಡನ ಸುಳಿವಿಲ್ಲ. ಬೋರ್ಡ್ ಕಾಣುವುದಿಲ್ಲ, ಕಂಬ ಅಡ್ಡ. ಎದುರಿಗೆ ಬರೀ ಗೋಡೆ.

ಒಬ್ಬಾಕೆ ಬಂದು ನನ್ನ ಕಾಲಿನ ಹತ್ತಿರ ಬ್ಯಾಗ್ ಇಟ್ಟಳು. "ಸ್ವಲ್ಪ ನೋಡ್ಕೊಂಡಿರಿ, ನೀವು ಹೇಗೂ ಇಲ್ಲೇ ಇರ್ತೀರಲ್ಲ." ಟಾಯ್ಲೆಟ್ ಎಲ್ಲಿ ಎಂದು ಬೇರೆ ಕೇಳಿದಳು. ಎಡಕ್ಕೆ ಮೂವತ್ತು ಹೆಜ್ಜೆ ಎಂದೆ. ನನಗೂ ಹೋಗಬೇಕಿತ್ತು. ಹೇಳುವಷ್ಟರಲ್ಲಿ ಆಕೆ ಹೋಗಿಯಾಗಿತ್ತು.

1.18

ಆಕೆ ವಾಪಸ್ ಬಂದಾಗ ಬೋರ್ಡ್ ನೋಡಿ ಹೇಳಿ ಎಂದೆ. ನೋಡಿದಳು. ನನ್ನ ವಿಮಾನ 31 ಅಲ್ಲವಂತೆ. 4! ಗೇಟ್ ಬದಲಾಗಿದೆ. 4 ಅಂದರೆ ಈ ಕಟ್ಟಡದ ಆ ತುದಿ. ಎರಡು ಕಾಲಿದ್ದಾಗ ನನಗೇ ಹದಿನೈದು ನಿಮಿಷ ಹಿಡಿಯುತ್ತಿತ್ತು.

"ತಳ್ತೀರಾಮ್ಮ?"

"ಅಯ್ಯೋ, ನನಗೆ ಅದೆಲ್ಲ ಬರಲ್ಲ. ಯಾರನ್ನಾದ್ರೂ ಕಳಿಸ್ತೀನಿ." ಹೋದಳು. ಯಾರೂ ಬರಲಿಲ್ಲ.

ಡ್ಯೂಟಿ ಡೆಸ್ಕಿಗೆ ಫೋನ್ ಮಾಡಿದೆ. ಯಾರೋ ಹೊಸಬಳು.

"ಸಿಸ್ಟಮ್‌ನಲ್ಲಿ ನೀವು 12.38ಕ್ಕೇ ಗೇಟ್ ತಲುಪಿದ್ದೀರಿ ಸಾರ್."

"ತಲುಪಿಲ್ಲಮ್ಮ. ಕಂಬದ ಹಿಂದೆ ಇದ್ದೀನಿ."

"ತಲುಪಿದ್ದೀರಿ ಅಂತ ಇದೆಯಲ್ಲ ಸಾರ್..."

"ಇಲ್ಲ ಅಂತ ನಾನೇ ಹೇಳ್ತಿದ್ದೀನಲ್ಲ ತಾಯಿ!"

ಲೈನಲ್ಲಿ ಇರಿ ಅಂದಳು. ಸಂಗೀತ ಹಾಕಿದಳು. ಬ್ರೇಕ್ ಕೈಗೆ ಎಟಕುತ್ತಿಲ್ಲ. ಕೂಗಿದೆ. ಜನ ತಿರುಗಿ ನೋಡಿದರು, ಹೋದರು. ಏಳುತ್ತೇನೆ —

2.00

ಹೋಯಿತು. ವಿಮಾನ ಹೋಯಿತು.

ಗೋಡೆ ಹಿಡಿದು ಒಂಟಿ ಕಾಲಲ್ಲಿ ಕುಪ್ಪಳಿಸಿದೆ. ಹನ್ನೊಂದು ಸಲ. ಬಿದ್ದೆ. ಬಟ್ಟೆಯಲ್ಲೇ ಆಗಿಹೋಯಿತು... ಬರೆಯಲೂ ನಾಚಿಕೆ. ಬಿದ್ದ ಮೇಲೆ ಆರು ಜನ ಓಡಿ ಬಂದರು. ಕೂತು ಕೂಗಿದಾಗ ಒಬ್ಬರೂ ಬರಲಿಲ್ಲ.

ಗುಂಡ ಬೆವರು ಸುರಿಸಿಕೊಂಡು ಬಂದ. ನನ್ನನ್ನು ಇಲ್ಲಿ ಬಿಟ್ಟ ಮೇಲೆ ಮೂವರನ್ನು ಒಬ್ಬರಾದ ಮೇಲೊಬ್ಬರಂತೆ ಕೊಟ್ಟರಂತೆ. "ಗುರುಗಳೇ..." ಅಂದ. ಹೊಡೆಯಬೇಕೆಂದುಕೊಂಡೆ. ಕೈ ಏಳಲಿಲ್ಲ. ಅವನು ಗುರುವಿಗೆ ತಿರುಮಂತ್ರ ಹಾಕಿದ್ದರೆ ಹೊಡೆಯಬಹುದಿತ್ತು. ನಾನು ಹೇಳಿಕೊಟ್ಟ ಮಂತ್ರವನ್ನೇ ತಪ್ಪಿಲ್ಲದೆ ಹೇಳಿದ್ದಾನೆ.

4.30

ಮ್ಯಾನೇಜರ್ ಮೇಡಂ ರೂಮು. ಯಾರದೋ ಯೂನಿಫಾರ್ಮ್ ಪ್ಯಾಂಟು ಕೊಟ್ಟರು. ಕಂಪ್ಯೂಟರ್ ತಿರುಗಿಸಿ ತೋರಿಸಿದರು — ಪ್ರಯಾಣಿಕ ಗೇಟಿಗೆ ಬಂದಿದ್ದಾನೆ, ತಾನಾಗಿಯೇ ಹತ್ತದೆ ಉಳಿದಿದ್ದಾನೆ. ಮುಂದಿನ ಸೀಟು ಗುರುವಾರ. "ತಳ್ಳಿದವನ ತಪ್ಪು ಅಂತ ಬರೆದು ಕೊಟ್ರೆ ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಕೊಡಿಸಬಹುದು." ಇವತ್ತಿಗೆ? ಇವತ್ತಿಗೆ ಇಲ್ಲ.

ಬರೆದೆ. ಬಟನ್ ಉಪಾಯ, ಚಿಕ್ಕ ಗಾಲಿ, ಕಂಬ, ಎಲ್ಲ. ಕೊನೆಗೆ: ಇದನ್ನು ಕಲಿಸಿದವನು ನಾನು.

ಅವರ ಮುಖ ಬಿಳುಚಿಕೊಂಡಿತು. "ಏಳು ವರ್ಷದಿಂದಾನಾ? ಎಷ್ಟು ಜನ ಹೀಗೆ ಉಳಿದುಹೋಗಿರಬಹುದು?"

"ನನಗೆ ಗೊತ್ತಿರೋದು ಇಬ್ಬರು ಮೇಡಂ."

"ಗೊತ್ತಿಲ್ಲದವರು?"

ನನಗೆ ಅವರ್‍ಯಾರ ಮುಖವೂ ನೆನಪಿಲ್ಲ. ಹಿಂದಿನಿಂದ ತಳ್ಳಿದವನಿಗೆ ಮುಖ ಎಲ್ಲಿ ಕಾಣುತ್ತೆ? ನೆತ್ತಿಗಳು ನೆನಪಿವೆ. ಎಷ್ಟೊಂದು ನೆತ್ತಿಗಳು.

ನಾಳೆಯ ಸೀಟು ಕೊಟ್ಟರು. ಗುಂಡನ ಮೆಷಿನ್ ಕಿತ್ತುಕೊಂಡರು. ನಾನು ಬರೆದದ್ದು ಅವನನ್ನು ಉಳಿಸಲಿಲ್ಲ.

5.40

ಅಕ್ಕನಿಗೆ ಫೋನ್ ಮಾಡಿದೆ. ವಿಮಾನ ತಪ್ಪಿತು ಅಂದೆ, ಯಾಕೆ ಅಂತ ಹೇಳಲಿಲ್ಲ. ಆಪರೇಷನ್ ಒಂದು ದಿನ ಮುಂದೆ ಹಾಕಿಸು ಎಂದೆ. ತಡ ಮಾಡೋಕಾಗಲ್ಲ ಅಂತ ಡಾಕ್ಟರು ಮೊದಲೇ ಅಂದಿದ್ದಾರಂತೆ, ಉಸಿರಿನ ದಾರಿ ಕಟ್ಟುತ್ತಿದೆಯಂತೆ.

"ಹಾಗಾದ್ರೆ ಈಗಲೇ ಹೇಳಕ್ಕ. ನಿನ್ನ ಕಾಲಿಗೆ ಬೀಳ್ತೀನಿ."

"ಬೀಳೋಕಾದ್ರೂ ಇಲ್ಲಿಗೆ ಬರಬೇಕಲ್ಲೋ." ನಕ್ಕಳು. ಕೆಮ್ಮು. ತುಂಬ ಹೊತ್ತು ಕೆಮ್ಮು. "ನಾಳೆ ಬಾ. ಬಾಯಿ ಇಲ್ಲದಿದ್ರೇನು, ಕಣ್ಣಿರುತ್ತೆ. ನೋಡ್ತೀನಿ. ಇಡ್ತೀನಿ."

ಇಡ್ತೀನಿ. ಅಷ್ಟೇ.

ಮಾರ್ಚ್ 5, ಬುಧವಾರ

ಆಸ್ಪತ್ರೆ ತಲುಪಿದಾಗ ಮಧ್ಯಾಹ್ನ ಒಂದೂಕಾಲು. ಭಾವ ಕಾರಿಡಾರಿನಲ್ಲಿ ಒಬ್ಬರೇ. ಎಂಟಕ್ಕೆ ಸರಿಯಾಗಿ ಒಳಗೆ ಕರೆದುಕೊಂಡು ಹೋದರಂತೆ. ಸ್ಟ್ರೆಚರ್ ಮೇಲೆ ಮಲಗಿಯೂ ಬಾಗಿಲ ಕಡೆಗೇ ಕಣ್ಣಂತೆ.

"ನಿಮ್ಮ ಹತ್ರ ಏನಾದ್ರೂ ಹೇಳಿದ್ಲಾ ಭಾವ? ನನಗೆ ಹೇಳ್ಬೇಕಾದ್ದು?"

"ಕೇಳಿದೆನಪ್ಪ. ಅದು ನಮ್ಮಿಬ್ಬರದು, ನಿಮಗ್ಯಾಕೆ ಅಂದ್ಲು."

ಮಾರ್ಚ್ 10

ಇವತ್ತು ಹತ್ತಿರ ಕೂರಲು ಬಿಟ್ಟರು. ಕತ್ತಿನಲ್ಲಿ ತೂತು. ಉಸಿರು ಅಲ್ಲಿಂದ. ಗೊತ್ತಿತ್ತು, ಆದರೂ ನೋಡಿ ಮೈ ಜುಮ್ಮೆಂದಿತು. ಬಾಯಿ ಆಡಿಸುತ್ತಾಳೆ, ಸದ್ದಿಲ್ಲ. ನನ್ನ ಕಾಲಿದ್ದ ಜಾಗ ಮುಟ್ಟಿ ಅತ್ತಳು. ಅಳುವಿಗೂ ಸದ್ದಿಲ್ಲ.

ವಿಮಾನ ಹೇಗೆ ತಪ್ಪಿತು ಅಂತ ಇವತ್ತು ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ಬಹಳ ಹೊತ್ತು ನನ್ನನ್ನೇ ನೋಡಿದಳು. ಬೈಗುಳಕ್ಕೆ ಕಾದು ಕೂತೆ, ಹಳೆ ಅಭ್ಯಾಸ.

ಮಾರ್ಚ್ 14

ಅಕ್ಕನಿಗೆ ಪ್ಯಾಡು, ಪೆನ್ನು ಬಂದಿವೆ. ಭಾವನಿಗೆ ಬರೆದಳು — ಹಾಲಿನವನಿಗೆ ಬೇಡ ಅಂತ ಹೇಳಿದ್ರಾ? ನರ್ಸಿಗೆ — ದಿಂಬು ಸರಿ ಇಲ್ಲ. ನನಗೆ — ಗಡ್ಡ ತೆಗಿ, ಕರಡಿ. ಮೂರು ದಿನದಲ್ಲಿ ಅರ್ಧ ಪ್ಯಾಡು ಖಾಲಿ.

ಇಬ್ಬರೇ ಇದ್ದಾಗ ಕೇಳಿದೆ. "ಅಕ್ಕ, ಆ ಮಾತು... ಈಗ ಬರಿ. ಇಗೋ, ನಿನ್ನ ಮುಖದ ಮುಂದೇನೇ ಕೂತಿದ್ದೀನಿ."

ಪೆನ್ನು ತೆಗೆದುಕೊಂಡಳು. ಒಂದು ಅಕ್ಷರ ಬರೆದು ಹೊಡೆದುಹಾಕಿದಳು. ಇನ್ನೊಂದು. ಅದನ್ನೂ. ಆಮೇಲೆ ನಿಧಾನವಾಗಿ, ದುಂಡಗೆ — ಅದು ಬಾಯಲ್ಲಿ ಹೇಳೋದು ಕಣೋ. ಬರೆದ್ರೆ ಆಗಲ್ಲ.

ಪ್ಯಾಡು ಮಗುಚಿ ಇಟ್ಟಳು. ನನ್ನ ಮೇಲೆ ಸಿಟ್ಟಿಲ್ಲ ಅವಳಿಗೆ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೊರಗೆ ಬಂದು ಕೂತು ಬರೆಯುತ್ತಿದ್ದೇನೆ. ಆ ಕಂಬದ ಹಿಂದೆ ನಾನು ಬಿಟ್ಟು ಹೋದವರಿಗೆ, ಆ ಕಡೆ ಊರುಗಳಲ್ಲಿ, ಯಾರ್‍ಯಾರು ಏನೇನು ಹೇಳಲು ಕಾದಿದ್ದರೋ —

ಅಕ್ಕ ಕರೆಯುತ್ತಿದ್ದಾಳೆ.

ಕರೆಯುತ್ತಿದ್ದಾಳೆ ಅಂತ ಬರೆದುಬಿಟ್ಟೆ. ಪೆನ್ನಿನಿಂದ ಮಂಚದ ಕಂಬಿಗೆ ಟಕ್ ಟಕ್ ಅಂತ ಬಡಿಯುತ್ತಿದ್ದಾಳೆ.