ತಡವಾಗಿ ಕೂಗುವ ಬಜರ್

ಸೋಮವಾರ, ಜೂನ್ ೯

ಇವತ್ತಿನಿಂದ ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಗಂಟೆ ಹೊಡೆಯುವವರಿಲ್ಲ, ಬಜರ್ ತಾನೇ ಕೂಗುತ್ತದೆ. ಇಷ್ಟು ವರ್ಷ ಹೊಡೆದವರು ನಮ್ಮ ಮನೆಯವರು. ಅವರು ತೀರಿಹೋದ ಮೇಲೆ ಆ ಕೆಲಸ ಯಂತ್ರಕ್ಕೆ ಹೋಯಿತು. ಅದು ಕೂಗಿದರೆ ಎಲ್ಲರೆದುರು ಅತ್ತುಬಿಡುತ್ತೇನೇನೋ ಎಂದು ಬೆಳಗಿನಿಂದ ಹೆದರಿದ್ದೆ.

ಚಹಾ ಬಿಡುವು ಹತ್ತಕ್ಕೆ. ಹತ್ತು ದಾಟಿದರೂ ಸದ್ದಿಲ್ಲ. ಕೈಲಿದ್ದ ಕಾಲರ್ ಮುಗಿಸಿ ಕತ್ತರಿ ಕೆಳಗಿಟ್ಟೆ. ಆಗ ಎಮ್ಮೆ ಅರಚಿದ ಹಾಗೆ ಕೂಗಿತು.

"ಅಕ್ಕಾ, ಇದು ತಡ ಅಲ್ವಾ?" ಎಂದು ಪಕ್ಕದಲ್ಲಿ ಗುಂಡಿ ಹಾಕುವ ಅಕ್ಕನನ್ನು ಕೇಳಿದೆ.

"ಚಹಾ ಎಷ್ಟೊತ್ತಿಗೆ ಅಂತ ಮೆಕ್ಯಾನಿಕ್ ನಮ್ಮನ್ನೇ ಕೇಳಿದ. ದಿನಾ ಗಂಟೆ ಆಗ್ತಿದ್ದ ಹೊತ್ತನ್ನೇ ಹೇಳಿದ್ವಿ. ನಿನ್ನ ಯಜಮಾನರು ಯಾವತ್ತು ಸರಿಯಾಗಿ ಹತ್ತಕ್ಕೆ ಹೊಡೆದಿದ್ರು? ನೀನು ಕತ್ತರಿ ಇಡೋವರೆಗೂ ಹಗ್ಗ ಹಿಡ್ಕೊಂಡು ನಿಂತಿರೋರು. ನಿನ್ನ ದೆಸೆಯಿಂದ ನಮ್ಮ ಚಹಾ ತಣ್ಣಗಾಗೋದು ಕಣೇ!"

ಸಾಲಿಗೆ ಸಾಲೇ ನಕ್ಕಿತು. ಗಂಟೆಗೆ ಬೆನ್ನು ಹಾಕಿ ಕೂರುವ ನನಗೊಬ್ಬಳಿಗೇ ಇದು ಗೊತ್ತಿರಲಿಲ್ಲ. ಈ ವಯಸ್ಸಿನಲ್ಲಿ ಕೆನ್ನೆ ಬಿಸಿಯಾಯಿತು. ಅಳು ಬರಲೇ ಇಲ್ಲ.

ಮ್ಯಾನೇಜರ್ ಆ ಬಜರನ್ನು ಸರಿಮಾಡಿಸದಿದ್ದರೆ ಸಾಕು. ನಾಳೆ ಕತ್ತರಿಯನ್ನು ಇನ್ನೂ ಸ್ವಲ್ಪ ನಿಧಾನವಾಗಿ ಇಟ್ಟು ನೋಡಬೇಕು, ಅದೂ ಕಾಯುತ್ತದೋ ಏನೋ...